ಎಕೋ ಆದ ಮೇಲೂ ಎಂ.ಆರ್.ಐ. ಏಕೆ?

“ಮಗುವಿಗೆ ಎಕೋ ಆಗಿದೆ, ಇ.ಸಿ.ಜಿ. ಆಗಿದೆ, ಎದೆಯ ಎಕ್ಸ್‌ರೇ ಕೂಡ ಇದೆ. ಮತ್ತೆ ಎಂ.ಆರ್.ಐ. ಏಕೆ ಸಿಸ್ಟರ್?” ಹುಟ್ಟಿನಿಂದಲೇ ಹೃದಯದ ದೋಷವಿರುವ ಮಕ್ಕಳ ತಂದೆ-ತಾಯಿಗಳು ಹೀಗೆ ಕೇಳುವುದು ಸಹಜ. ಖರ್ಚಿನ ಮಾತಿದೆ. ಎಲ್ಲ ಎಂ.ಆರ್.ಐ. ಕೇಂದ್ರಗಳಲ್ಲೂ ಹೃದಯದ ಪರೀಕ್ಷೆ ಮಾಡುವುದಿಲ್ಲವಾದ್ದರಿಂದ ದೊಡ್ಡ ಊರಿಗೆ ಹೋಗಬೇಕಾಗಬಹುದು. ಆದ್ದರಿಂದ ಕಾರಣ ತಿಳಿದುಕೊಂಡೇ ಹೋಗುವುದು ಒಳ್ಳೆಯದು.

ಹುಟ್ಟುವ ಪ್ರತಿ 1000 ಮಕ್ಕಳಲ್ಲಿ ಸುಮಾರು 8-9 ಮಕ್ಕಳಿಗೆ ಹೃದಯದಲ್ಲಿ ಏನಾದರೊಂದು ದೋಷ ಇರುತ್ತದೆ. ಇವರಲ್ಲಿ ಹೆಚ್ಚಿನವರಿಗೆ ಎಕೋ ಒಂದೇ ಸಾಕು. ಸಣ್ಣ ತೂತು ಇದೆ, ಕಾದು ನೋಡೋಣ ಎಂದು ವೈದ್ಯರು ಹೇಳಿದ್ದರೆ ಎಂ.ಆರ್.ಐ. ಮಾಡಿಸಿ ಎಂದು ನೀವಾಗಿಯೇ ಒತ್ತಾಯಿಸಬೇಕಾಗಿಲ್ಲ.

ಎಕೋ ಕೆಲಸ ಮಾಡುವುದು ಶಬ್ದದ ಅಲೆಗಳಿಂದ. ಈ ಅಲೆಗಳು ಮೂಳೆಯನ್ನೂ ಶ್ವಾಸಕೋಶದ ಗಾಳಿಯನ್ನೂ ದಾಟಿ ಹೋಗಲಾರವು. ಎಳೆಯ ಮಗುವಿನಲ್ಲಿ ಚಿತ್ರ ಸ್ಪಷ್ಟವಾಗಿ ಬರುತ್ತದೆ. ಮಗು ಬೆಳೆದಂತೆ, ಅದರಲ್ಲೂ ಎದೆಯ ಆಪರೇಷನ್ ಆದವರಲ್ಲಿ, ಕಾಣುವುದು ಕಡಿಮೆಯಾಗುತ್ತದೆ. ಹೃದಯದ ಬಲಗಡೆಯ ಕೆಳಕೋಣೆಯಂತೂ ಎದೆಮೂಳೆಯ ಹಿಂದೆಯೇ ಇದೆ. ಅದರ ಆಕಾರವೂ ಸೊಟ್ಟ. ಅದು ಎಷ್ಟು ದೊಡ್ಡದಾಗಿದೆ ಎಂದು ಎಕೋದಲ್ಲಿ ಅಂದಾಜು ಹೇಳಬಹುದೇ ಹೊರತು ಖಚಿತ ಅಳತೆ ಸಿಗುವುದು ಕಷ್ಟ.

ಈ ಅಳತೆ ಏಕೆ ಮುಖ್ಯ ಎಂಬುದಕ್ಕೆ ‘ಟೆಟ್ರಾಲಜಿ ಆಫ್ ಫ್ಯಾಲೋ’ ಎಂಬ ಕಾಯಿಲೆಯನ್ನೇ ನೋಡಿ. ಇದನ್ನು ಫ್ರಾನ್ಸಿನ ವೈದ್ಯ ಫ್ಯಾಲೋ 1888ರಲ್ಲಿ ವಿವರಿಸಿದರು. ಇದರಲ್ಲಿ ನಾಲ್ಕು ದೋಷಗಳು ಒಟ್ಟಿಗೇ ಇರುತ್ತವೆ. ಕೆಳಕೋಣೆಗಳ ನಡುವೆ ತೂತು, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಕಿರಿದು, ಮಹಾಪಧಮನಿ ತೂತಿನ ಮೇಲೆ ಕುಳಿತಿರುವುದು, ಬಲ ಕೆಳಕೋಣೆಯ ಗೋಡೆ ದಪ್ಪ. ಮಗು ಅತ್ತಾಗ ತುಟಿ, ಉಗುರು ನೀಲಿಯಾಗುತ್ತವೆ. ಓಡಿದ ಮೇಲೆ ಕುಕ್ಕರಗಾಲಲ್ಲಿ ಕೂರುತ್ತದೆ. 1954ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಡಾ. ಲಿಲ್ಲೆಹೈ ಅವರು ಇದನ್ನು ಮೊದಲ ಬಾರಿಗೆ ಪೂರ್ಣವಾಗಿ ಸರಿಪಡಿಸಿದರು. ಇಂದು ಈ ಆಪರೇಷನ್ ಆದ ಮಕ್ಕಳು ದೊಡ್ಡವರಾಗಿ ದುಡಿಯುತ್ತಿದ್ದಾರೆ.

ಆದರೆ ಕಿರಿದಾದ ದಾರಿಯನ್ನು ಅಗಲ ಮಾಡುವಾಗ ಅನೇಕ ಮಕ್ಕಳಲ್ಲಿ ಅಲ್ಲಿಯ ಕವಾಟವನ್ನೂ, ಅಂದರೆ ವಾಲ್ವನ್ನೂ, ಸೀಳಬೇಕಾಗುತ್ತದೆ. ಮುಂದೆ ಅದು ಸರಿಯಾಗಿ ಮುಚ್ಚುವುದಿಲ್ಲ. ಬಾವಿಯ ಪಂಪಿನ ಫುಟ್‌ವಾಲ್ವ್ ಕೆಟ್ಟರೆ ಏನಾಗುತ್ತದೆ ಎಂದು ರೈತರಿಗೆ ಹೇಳಬೇಕಾಗಿಲ್ಲ. ಮೇಲೆತ್ತಿದ ನೀರು ಮತ್ತೆ ಕೆಳಗಿಳಿಯುತ್ತದೆ. ಇಲ್ಲಿಯೂ ಹಾಗೆಯೇ, ಶ್ವಾಸಕೋಶಕ್ಕೆ ಹೋದ ರಕ್ತದಲ್ಲಿ ಒಂದು ಪಾಲು ಬಲ ಕೆಳಕೋಣೆಗೆ ಹಿಂದಿರುಗುತ್ತದೆ. ಕೋಣೆ ವರ್ಷ ವರ್ಷವೂ ಹಿಗ್ಗುತ್ತದೆ. ಹುಡುಗನಿಗೆ ಇದರ ಅರಿವೇ ಇರುವುದಿಲ್ಲ. ಶಾಲೆಗೆ ಹೋಗುತ್ತಾನೆ, ಕ್ರಿಕೆಟ್ ಆಡುತ್ತಾನೆ. “ಆಪರೇಷನ್ ಆಗಿ ಹತ್ತು ವರ್ಷ ಆಯಿತು, ಚೆನ್ನಾಗಿದ್ದಾನೆ” ಎಂದು ಮನೆಯವರು ತಪಾಸಣೆಗೆ ಬರುವುದನ್ನು ಬಿಡುವುದು ಈ ಹಂತದಲ್ಲಿಯೇ.

ಹೊಸ ಕವಾಟ ಹಾಕಬಹುದು. ತೀರಾ ಬೇಗ ಹಾಕಿದರೆ ಅದಕ್ಕೂ ಆಯುಷ್ಯವಿದೆ, ಸವೆದು ಮತ್ತೆ ಬದಲಿಸಬೇಕಾಗುತ್ತದೆ. ತಡಮಾಡಿದರೆ ಹಿಗ್ಗಿದ ಕೋಣೆ ಮೊದಲಿನ ಅಳತೆಗೆ ಬರುವುದಿಲ್ಲ. ಎಂ.ಆರ್.ಐ. ಹೇಳುವುದು ಈ ಸಮಯವನ್ನು. ಹೃದಯವನ್ನು ಸೌತೆಕಾಯಿ ಹೋಳಿನಂತೆ ಪದರ ಪದರವಾಗಿ ಚಿತ್ರ ತೆಗೆದು, ಕೋಣೆಯಲ್ಲಿ ಎಷ್ಟು ಮಿ.ಲೀ. ರಕ್ತ ತುಂಬುತ್ತದೆ, ಎಷ್ಟು ಹೊರಹೋಗುತ್ತದೆ, ಕವಾಟದಿಂದ ಶೇಕಡಾ ಎಷ್ಟು ಸೋರುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಯೂರೋಪಿನ ಹೃದ್ರೋಗ ತಜ್ಞರ 2020ರ ಮಾರ್ಗಸೂಚಿಯಲ್ಲಿ, ಸೋರಿಕೆ ಹೆಚ್ಚಿದ್ದು ತೊಂದರೆಯೇನೂ ಕಾಣದವರಲ್ಲಿ, ತುಂಬಿದ ಕೋಣೆ ದೇಹದ ಪ್ರತಿ ಚದರ ಮೀಟರಿಗೆ 160 ಮಿ.ಲೀ. ಮುಟ್ಟಿದರೆ ಕವಾಟದ ಬಗ್ಗೆ ಯೋಚಿಸಬೇಕೆಂದಿದೆ. ಇದೊಂದೇ ಅಂಕಿಯಿಂದ ತೀರ್ಮಾನವಾಗುವುದಿಲ್ಲ. ಆದರೂ ಈ ಅಂಕಿ ಇಲ್ಲದೆ ವೈದ್ಯರು ಊಹೆಯ ಮೇಲೆ ನಡೆಯಬೇಕಾಗುತ್ತದೆ. ಮಹಾಪಧಮನಿ ಕಿರಿದಾಗಿರುವುದು, ಶ್ವಾಸಕೋಶದ ರಕ್ತನಾಳ ತಪ್ಪು ಕಡೆ ಸೇರಿರುವುದು, ಇಂಥವನ್ನು ನೋಡಲೂ ಈ ಪರೀಕ್ಷೆ ಬೇಕಾಗುತ್ತದೆ.

ಇದರಲ್ಲಿ ಎಕ್ಸ್‌ರೇ ಅಥವಾ ಸಿ.ಟಿ.ಯಂತೆ ವಿಕಿರಣ ಇಲ್ಲ. ದೊಡ್ಡ ಅಯಸ್ಕಾಂತ ಮತ್ತು ರೇಡಿಯೋ ಅಲೆಗಳ ಸಹಾಯದಿಂದ ದೇಹದ ನೀರಿನಂಶದಿಂದಲೇ ಚಿತ್ರ ಬರುತ್ತದೆ. ಹೀಗಾಗಿ ಕೆಲವು ವರ್ಷಗಳಿಗೊಮ್ಮೆ ಮತ್ತೆ ಮಾಡಿಸಬೇಕೆಂದರೂ ಹೆದರಬೇಕಾಗಿಲ್ಲ.

ಹೆದರಬೇಕಾದದ್ದು ಲೋಹಕ್ಕೆ. ಸಾಮಾನ್ಯವಾಗಿ ಬಳಸುವ 1.5 ಟೆಸ್ಲಾ ಯಂತ್ರದ ಆಕರ್ಷಣೆ ಭೂಮಿಯದಕ್ಕಿಂತ 30 ಸಾವಿರ ಪಟ್ಟಿಗೂ ಹೆಚ್ಚು. ಪರೀಕ್ಷೆ ನಡೆಯದಿದ್ದಾಗಲೂ ಅದು ಆಫ್ ಆಗಿರುವುದಿಲ್ಲ. ಬೀಗದ ಕೈ, ಚಿಲ್ಲರೆ, ಮೊಬೈಲ್, ಉಡಿದಾರ, ಕಾಲ್ಗೆಜ್ಜೆ, ತಾಯಿತ, ಹೇರ್‌ಪಿನ್ ಎಲ್ಲವನ್ನೂ ಹೊರಗೆ ಬಿಡಬೇಕು. ಮಗುವಿನ ಜೊತೆ ಒಳಗೆ ಹೋಗುವ ತಾಯಿಯೂ ಕೂಡ. ತಾಳಿಯ ಸರಕ್ಕೆ ಸಿಕ್ಕಿಸಿದ ಪಿನ್ನುಗಳನ್ನು ನಮ್ಮ ತಾಯಂದಿರು ಮರೆಯುತ್ತಾರೆ. ಇಷ್ಟಲಿಂಗ ಧರಿಸುವವರಿಗೆ ಕರಡಿಗೆ ತೆಗೆಯಲು ಮನಸ್ಸಾಗದಿರುವುದು ನಮಗೂ ಅರ್ಥವಾಗುತ್ತದೆ. ಆದರೆ ಬೆಳ್ಳಿಯದಾದರೂ ಅದು ಎದೆಯ ಮೇಲೇ ಇರುವುದರಿಂದ ಚಿತ್ರ ಕೆಡುತ್ತದೆ, ಬಿಸಿಯೂ ಆಗಬಹುದು. ಬೆಳಗಿನ ಪೂಜೆ ಮುಗಿಸಿಯೇ ಬನ್ನಿ. ಒಳಗೆ ಹೋಗುವ ಮುನ್ನ ಶುಭ್ರ ವಸ್ತ್ರದಲ್ಲಿ ಸುತ್ತಿ ಮನೆಯವರ ಕೈಗೆ ಕೊಡಿ, ಹೊರಬಂದ ಕೂಡಲೇ ಧರಿಸಿಕೊಳ್ಳಿ.

ಹಿಂದಿನ ಆಪರೇಷನ್ನಿನಲ್ಲಿ ಎದೆಮೂಳೆಗೆ ಹಾಕಿದ ತಂತಿ, ತೂತು ಮುಚ್ಚಿದ ಬಟನ್, ಕೃತಕ ಕವಾಟ ಇವು ಸಾಮಾನ್ಯವಾಗಿ ಅಡ್ಡಿಯಲ್ಲ. ಪೇಸ್‌ಮೇಕರ್ ಇದ್ದರೆ ಮಾತ್ರ ಮೊದಲೇ ತಿಳಿಸಿ, ಅದರ ಕಾರ್ಡು ತನ್ನಿ. ಕೆಲವು ಪೇಸ್‌ಮೇಕರ್‌ಗಳೊಂದಿಗೆ ಪರೀಕ್ಷೆ ಮಾಡಬಹುದು, ಕೆಲವಕ್ಕೆ ಆಗದು.

ಪರೀಕ್ಷೆಗೆ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಯಂತ್ರ ಡಬಡಬ ಎಂದು ಜೋರಾಗಿ ಸದ್ದು ಮಾಡುತ್ತದೆ, ಕಿವಿಗೆ ಮುಚ್ಚಳ ಕೊಡುತ್ತಾರೆ. “ಉಸಿರು ಹಿಡಿಯಿರಿ” ಎಂದಾಗ ಹತ್ತು-ಹದಿನೈದು ಸೆಕೆಂಡು ಹಿಡಿಯಬೇಕು. ಇದನ್ನು ಮನೆಯಲ್ಲಿಯೇ ಮಗುವಿಗೆ ಆಟದಂತೆ ಅಭ್ಯಾಸ ಮಾಡಿಸಿ. ಅಲುಗಾಡದೆ ಮಲಗಲಾರದ ಸಣ್ಣ ಮಕ್ಕಳಿಗೆ ಅರಿವಳಿಕೆ ಕೊಡುತ್ತಾರೆ. ಅದಕ್ಕಾಗಿ ಊಟ-ತಿಂಡಿ 6 ಗಂಟೆ, ತಾಯಿಯ ಹಾಲು 4 ಗಂಟೆ ಮೊದಲು ನಿಲ್ಲಿಸಬೇಕು. ಇದಕ್ಕಿಂತ ಹೆಚ್ಚು ಹೊತ್ತು ಉಪವಾಸ ಇಡಬೇಡಿ. ನೀಲಿಯಾಗುವ ಮಕ್ಕಳ ರಕ್ತ ಮೊದಲೇ ಗಟ್ಟಿಯಾಗಿರುತ್ತದೆ, ನೀರಿನಂಶ ಕಡಿಮೆಯಾದರೆ ಅಪಾಯ. ನೀರು ಎಷ್ಟು ಹೊತ್ತಿನವರೆಗೆ ಕೊಡಬಹುದು ಎಂದು ಅರಿವಳಿಕೆ ವೈದ್ಯರನ್ನು ಕೇಳಿ. ನೆಗಡಿ, ಜ್ವರ ಬಂದಿದ್ದರೆ ಮುಚ್ಚಿಡಬೇಡಿ. ಕೆಲವರಿಗೆ ಗೆಡೋಲಿನಿಯಂ ಎಂಬ ಔಷಧಿಯನ್ನು ನರಕ್ಕೆ ಕೊಡುವುದರಿಂದ, ಕಿಡ್ನಿ ತೊಂದರೆ ಇದ್ದರೆ ಹೇಳಬೇಕು.

ಹೆಣ್ಣುಮಕ್ಕಳ ತಂದೆ-ತಾಯಿಗಳಿಗೆ ಇನ್ನೊಂದು ಮಾತು. ಚಿಕ್ಕಂದಿನಲ್ಲಿ ಆದ ಹೃದಯದ ಆಪರೇಷನ್ ಅನ್ನು ಮದುವೆಯ ಮಾತುಕತೆಯಲ್ಲಿ ಮುಚ್ಚಿಡುವ ಮನೆಗಳಿವೆ. ಆಮೇಲೆ ಗಂಡನ ಮನೆಯಲ್ಲಿ ತಪಾಸಣೆಗೆ ಹೋಗಲೂ ಆ ಹುಡುಗಿಗೆ ಧೈರ್ಯ ಬರುವುದಿಲ್ಲ. ಬಸುರಿಯಲ್ಲಿ ರಕ್ತದ ಪ್ರಮಾಣ ಸುಮಾರು ಅರ್ಧದಷ್ಟು ಹೆಚ್ಚುತ್ತದೆ. ಹಿಗ್ಗಿದ ಕೋಣೆಗೆ ಅದು ಭಾರ. ಫ್ಯಾಲೋ ಆಪರೇಷನ್ ಚೆನ್ನಾಗಿ ಆದ ಹೆಚ್ಚಿನ ಹೆಣ್ಣುಮಕ್ಕಳು ವೈದ್ಯರ ನಿಗಾದಲ್ಲಿ ಸುರಕ್ಷಿತವಾಗಿ ತಾಯಿಯಾಗಬಹುದು. ಆದರೆ ಹೃದಯದ ಅಳತೆ ಗರ್ಭ ಧರಿಸುವ ಮೊದಲೇ ಗೊತ್ತಿರಬೇಕು. ಗರ್ಭಿಣಿಯರಿಗೆ ಗೆಡೋಲಿನಿಯಂ ಕೊಡುವುದನ್ನು ಸಾಧ್ಯವಾದಷ್ಟು ತಪ್ಪಿಸುತ್ತಾರೆ. ಆದ್ದರಿಂದ ತಿಂಗಳು ನಿಂತಿದ್ದರೆ, ಅನುಮಾನವಿದ್ದರೂ ಸರಿ, ಪರೀಕ್ಷೆಗೆ ಮೊದಲು ತಿಳಿಸಬೇಕು.

ಪರೀಕ್ಷೆಗೆ ಬರುವಾಗ ಹಳೆಯ ಆಪರೇಷನ್ನಿನ ಡಿಸ್ಚಾರ್ಜ್ ಚೀಟಿ ತನ್ನಿ. ಮಾಸಿದ್ದರೂ ಪರವಾಗಿಲ್ಲ. ಹೋಗುವಾಗ ರಿಪೋರ್ಟಿನ ಜೊತೆಗೆ ಚಿತ್ರಗಳಿರುವ ಸಿ.ಡಿ.ಯನ್ನೂ ಕೇಳಿ ಪಡೆದು, ರೇಷನ್ ಕಾರ್ಡಿನಷ್ಟೇ ಜೋಪಾನವಾಗಿ ಇಡಿ. ಮುಂದಿನ ಸಲ ಕೋಣೆ ಎಷ್ಟು ಹಿಗ್ಗಿದೆ ಎಂದು ತಿಳಿಯಲು ಇಂದಿನ ಅಳತೆ ವೈದ್ಯರಿಗೆ ಬೇಕಾಗುತ್ತದೆ.