ಭಾವನ ಬೆಟ್ಟದಲ್ಲಿ ಬಿಡಾರ

ರಜೆ ಬಂದಿತೆಂದರೆ ಬೆಂಗಳೂರು, ಮೈಸೂರುಗಳ ಸಂಸಾರಗಳು ಕಡಲತೀರದ ಕಡೆಗೆ ಮುಖ ಮಾಡುವುದು ವಾಡಿಕೆ. ಗೋಕರ್ಣ, ಮರವಂತೆಗಳ ಮರಳಿನ ಮಗ್ಗುಲಲ್ಲಿ ಒಂದು ಹೆಂಚಿನ ಮನೆ, ಅಂಗಳದಲ್ಲಿ ನಾಲ್ಕು ತೆಂಗಿನ ಮರ, ಹಗಲಿರುಳೂ ಅಲೆಗಳ ಮೊರೆತ. ಇಷ್ಟಿದ್ದರೆ ಸ್ವರ್ಗಕ್ಕೆ ಮೂರೇ ಗೇಣು. ಕೊಳ್ಳೇಗಾಲದ ಸೀಮೆಯಲ್ಲಿ ಕಡಲಿಲ್ಲ. ಆದರೆ ಬಿಳಿಗಿರಿರಂಗನ ಬೆಟ್ಟದ ಮೇಲೆ ನಸುಕಿನಲ್ಲಿ ಕುಟೀರದ ಬಾಗಿಲು ತೆರೆದವನಿಗೆ, ಕಣಿವೆಯ ತುಂಬ ನೊರೆಗಟ್ಟಿ ನಿಂತ ಮಂಜು ಕಂಡು, ಎದುರಿನ ಶಿಖರಗಳು ದ್ವೀಪಗಳಂತೆ ತೇಲುವಾಗ, ಆ ಕೊರತೆಯೇನೂ ತೋರುವುದಿಲ್ಲ.

ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗುವುದು ಇಂದು ಅರ್ಧ ಗಂಟೆಯ ಮಾತು. 1956ರವರೆಗೆ ಅದೊಂದು ಸೀಮೋಲ್ಲಂಘನವೇ ಆಗಿತ್ತು. ಕೊಳ್ಳೇಗಾಲ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದರೆ, ಯಳಂದೂರು ಮೈಸೂರಿನ ಒಳಗೆ ದಿವಾನ್ ಪೂರ್ಣಯ್ಯನವರ ಮನೆತನಕ್ಕೆ ದೊರೆತ ಜಹಗೀರಾಗಿತ್ತು. ಯಳಂದೂರು ದಾಟಿ ಗುಂಬಳ್ಳಿಯ ಕಡೆಗೆ ತಿರುಗಿದರೆ ಗದ್ದೆ, ತೆಂಗು, ಕಬ್ಬುಗಳು ಹಿಂದಾಗಿ, ಕಾವಲು ಠಾಣೆಯಾಚೆ ಕಾಡು ಮೊದಲಾಗುತ್ತದೆ. ಮುಂದೆ ತಿರುವಿನ ಮೇಲೆ ತಿರುವು. ಸುಮಾರು ಐದು ಸಾವಿರ ಅಡಿಗಳ ಎತ್ತರದಲ್ಲಿ, ಬಿಳಿಯ ಬಂಡೆಯ ಅಂಚಿನಲ್ಲಿ ರಂಗನಾಥನ ಗುಡಿ.

ಈ ಬೆಟ್ಟಕ್ಕೆ ಅತಿಥಿಗಳು ಹೊಸಬರಲ್ಲ. ಮೈಸೂರಿನ ಅರಸರು ಬೇಟೆಗೆಂದು ಇಲ್ಲಿಗೆ ಬರುತ್ತಿದ್ದರು. ಅವರ ಕಾಲದ ಬೇಟೆಯ ಬಂಗಲೆಯಿದ್ದ ಕ್ಯಾತದೇವರಗುಡಿಯಲ್ಲಿ ಈಗ ಜಂಗಲ್ ಲಾಡ್ಜಸ್ ಸಂಸ್ಥೆಯ ಗುಡಾರಗಳೂ ಮರದ ಕುಟೀರಗಳೂ ಇವೆ. ಜಿಂಕೆಯೂ ಕಾಡುಹಂದಿಯೂ ಅಂಗಳಕ್ಕೇ ಬಂದು ನಿಲ್ಲುತ್ತವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನಿಂದ ಬಂದ ರಾಂಡಾಲ್ಫ್ ಮಾರಿಸ್ ಎಂಬಾತ ಅತ್ತಿಖಾನೆಯಲ್ಲಿ ಕಾಫಿ ಬೆಳೆಸಿದ. ಅವನ ಮಗ ರಾಲ್ಫ್ ಹೊನ್ನಮೇಟಿಯಲ್ಲಿ ಮನೆ ಮಾಡಿಕೊಂಡು, ಬಂದೂಕಿಗೂ ಲೇಖನಿಗೂ ಸಮನಾಗಿ ಕೆಲಸ ಕೊಟ್ಟ. ಹಕ್ಕಿಗಳ ಋಷಿ ಸಲೀಂ ಅಲಿಯವರು 1939ರಲ್ಲಿ ಮೈಸೂರು ಸೀಮೆಯ ಪಕ್ಷಿಗಳನ್ನು ಗುರುತಿಸಲು ಹೊರಟಾಗ ಈ ಬೆಟ್ಟಗಳಿಗೂ ಬಂದಿದ್ದರು. ರಾಲ್ಫನ ಮಗಳು ಮೋನಿಕಾ ಜಾಕ್ಸನ್ ಈ ಕಾಡಿನಲ್ಲೇ ಬೆಳೆದು, 1955ರಲ್ಲಿ ಹೆಂಗಸರದೇ ಆದ ತಂಡದೊಡನೆ ಹಿಮಾಲಯವನ್ನೇರಿದಳು. ಸಣ್ಣಂದಿನಲ್ಲಿ ಕಾಲಿಗೆ ಬೆಟ್ಟದ ರೂಢಿಯಿದ್ದವರಿಗೆ ಹಿಮಾಲಯವೂ ಅಷ್ಟು ದೂರವೆನಿಸದೇನೋ!

ಇವರೆಲ್ಲರಿಗಿಂತ ಮೊದಲಿನ ಅತಿಥಿ ರಂಗನಾಥ. ಅವನು ಇಲ್ಲಿ ಬರಿಯ ದೇವರಲ್ಲ, ಸೋಲಿಗರ ಪಾಲಿಗೆ ಅಳಿಯ, ಭಾವ. ಕುಸುಮಾಲೆ ಎಂಬ ಸೋಲಿಗರ ಹೆಣ್ಣನ್ನು ಒಲಿದು ಮದುವೆಯಾದವನೆಂಬುದು ಅವರ ಕಥೆ. ಆದುದರಿಂದ ಅವನನ್ನು ಅವರು ‘ರಂಗಭಾವ’ ಎಂದೇ ಕರೆಯುತ್ತಾರೆ. ಜಗದೊಡೆಯನನ್ನು ಮನೆಯ ನಂಟನಂತೆ ಮಾತನಾಡಿಸುವ ಸಲಿಗೆ ಇವರದು. ಹಾಗೆಂದಮೇಲೆ ಬೆಟ್ಟದ ಮನೆಯವರು ಯಾರು, ನೆಂಟರು ಯಾರು ಎಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಆದರೆ ಕಾಗದಪತ್ರಗಳಲ್ಲಿ ಬಹುಕಾಲ ಹಾಗಿರಲಿಲ್ಲ. 1974ರಲ್ಲಿ ಈ ಅರಣ್ಯವು ವನ್ಯಜೀವಿಧಾಮವಾಯಿತು. ಬೇಟೆಯೂ, ಜಾಗ ಬದಲಿಸುತ್ತ ರಾಗಿ ಬೆಳೆಯುತ್ತಿದ್ದ ಬೇಸಾಯವೂ ನಿಂತುಹೋದವು. ಕಾಡಿನೊಳಗಣ ಎಷ್ಟೋ ಪೋಡುಗಳ ಜನ ರಸ್ತೆಯ ಬದಿಗೆ ಬಂದು ನೆಲೆಸಬೇಕಾಯಿತು. ಪೋಡು ಎಂದರೆ ಸೋಲಿಗರ ಹಾಡಿ. ಬೆಟ್ಟದ ಮೇಲೆ ‘ಹೊಸ ಪೋಡು’, ‘ಬಂಗ್ಲೆ ಪೋಡು’ ಎಂಬ ಹೆಸರುಗಳುಂಟು. ಊರಿನ ಚರಿತ್ರೆಯನ್ನು ಹೆಸರೇ ಹೇಳುತ್ತದೆ. ಈ ಶತಮಾನದ ಮೊದಲ ದಶಕದಲ್ಲಿ ಜೇನು, ಪಾಚಿ, ನೆಲ್ಲಿಕಾಯಿಗಳನ್ನು ಮಾರಾಟಕ್ಕೆ ತರುವುದಕ್ಕೂ ತಡೆ ಬಂದಿತು. ಪ್ರವಾಸಿಗನಿಗೆ ಕಾಡಿನೊಳಗೆ ಹಾಸಿಗೆ ಸಿಕ್ಕಿತು. ಕಾಡಿನವನು ತನ್ನ ಅಜ್ಜನ ಸಮಾಧಿಗೆ ಹೋಗಲು ಅಪ್ಪಣೆ ಕೇಳಬೇಕಾಯಿತು.

ಇದರ ಫಲ ಕುಟೀರದ ಮೆಟ್ಟಿಲಿನಿಂದಲೇ ಕಾಣುತ್ತದೆ. ರಸ್ತೆಯ ಎರಡೂ ಮಗ್ಗುಲಲ್ಲಿ ಬಣ್ಣಬಣ್ಣದ ಹೂಗೊಂಚಲು ತಳೆದು ನಿಂತಿರುವ ಪೊದೆಯನ್ನು ಕಂಡು ಮಕ್ಕಳು ಹಿಗ್ಗುತ್ತಾರೆ. ಅದು ಲಂಟಾನ, ಹೊರನಾಡಿನಿಂದ ಬಂದ ಕಳೆ. ಹಿಂದೆ ಬೇಸಿಗೆ ಬಲಿಯುವ ಮುನ್ನ ಸೋಲಿಗರು ನೆಲದ ತರಗೆಲೆಗಳಿಗೆ ಸಣ್ಣಗೆ ಬೆಂಕಿ ಕೊಡುತ್ತಿದ್ದರು. ಉರಿ ಮರವನ್ನು ಸುಡುತ್ತಿರಲಿಲ್ಲ, ಕಳೆಯನ್ನು ಸುಡುತ್ತಿತ್ತು, ಹುಲ್ಲು ಚಿಗುರುತ್ತಿತ್ತು. ಆ ಬೆಂಕಿ ನಿಂತ ಮೇಲೆಯೇ ಲಂಟಾನ ಕಾಡನ್ನು ನುಂಗಿತೆಂದು ಹಿರಿಯ ಸೋಲಿಗರು ಹೇಳುತ್ತಾರೆ. ಅತ್ತ ಹನೂರಿನ ದಾರಿಯಾಗಿ ಹೋಗುವ ಮಲೆ ಮಹದೇಶ್ವರ ಬೆಟ್ಟದಲ್ಲಿ ಇದೇ ಕಳೆಯ ಕಾಂಡವನ್ನು ಬೇಯಿಸಿ, ಸಿಪ್ಪೆ ಸುಲಿದು, ಬೆತ್ತದಂತೆ ಬಗ್ಗಿಸಿ ಕುರ್ಚಿ, ಬುಟ್ಟಿಗಳನ್ನು ಮಾಡಲು ಸೋಲಿಗರು ಕಲಿತಿದ್ದಾರೆ. ಶತ್ರುವಿನ ಮೇಲೆ ಕುಳಿತುಕೊಳ್ಳುವುದಕ್ಕಿಂತ ಒಳ್ಳೆಯ ಸೇಡು ಇನ್ನಾವುದು?

ಬೆಟ್ಟದ ಮೇಲೆಯೂ ಕಾಲ ನಿಂತಿರಲಿಲ್ಲ. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದರು. ಆಸ್ಪತ್ರೆ ಬಂದಿತು, ಶಾಲೆ ಬಂದಿತು. ಶಾಲೆಯಲ್ಲಿ ಅಕ್ಷರ ಕಲಿತವರು ಹಕ್ಕುಪತ್ರದ ಭಾಷೆಯನ್ನೂ ಕಲಿತರು. 2011ರ ಆರಂಭದಲ್ಲಿ ಈ ಅರಣ್ಯ ಹುಲಿಧಾಮವಾದಾಗ ಮತ್ತೆ ಎತ್ತಂಗಡಿಯಾದೀತೆಂಬ ಅಂಜಿಕೆ ಹುಟ್ಟಿತು. ಆದರೆ ಅದೇ ವರ್ಷ, 2006ರ ಅರಣ್ಯ ಹಕ್ಕು ಕಾಯಿದೆಯ ಮೇರೆಗೆ, ಸೋಲಿಗರ ಸಾಮುದಾಯಿಕ ಹಕ್ಕುಗಳು ಮಾನ್ಯವಾದವು. ಹುಲಿಧಾಮವೊಂದರ ಒಳಗೆ ಇಂತಹ ಹಕ್ಕು ದೊರೆತುದು ದೇಶದಲ್ಲಿ ಅದೇ ಮೊದಲು. ಕಾಡಿನೊಳಗಣ ತಮ್ಮ ನೂರಾರು ಪೂಜಾಸ್ಥಳಗಳನ್ನು ನಕ್ಷೆಯ ಮೇಲೆ ಗುರುತು ಹಾಕಿಸಿದವರೂ ಅವರೇ.

ಈ ಕೇಂದ್ರದ ನಂಟಿನ ‘ಗೊರುಕನ’ ಎಂಬ ವಸತಿಧಾಮವು ಹೆಸರನ್ನು ಸೋಲಿಗರ ಹಾಡುಕುಣಿತದಿಂದ ಪಡೆದಿದೆ. ಗಿಡಮರಗಳ ನಡುವೆ ಬಿಡಿಬಿಡಿಯಾದ ಕುಟೀರಗಳು. ಗಳಿಕೆ ಗಿರಿಜನರ ಕಲ್ಯಾಣಕ್ಕೆ ಸಲ್ಲಬೇಕೆಂಬುದು ಉದ್ದೇಶ. ನಗರದಿಂದ ಬಂದ ಗೃಹಿಣಿಗೆ ಎರಡು ದಿನ ಒಲೆಯ ಚಿಂತೆಯಿಲ್ಲ, ಯಜಮಾನರಿಗೆ ಕಚೇರಿಯ ಕರೆ ಮುಟ್ಟುವುದು ಕಷ್ಟ. ರಾತ್ರಿ ಕಂಬಳಿ ಹೊದ್ದು ಕುಳಿತರೆ ಜೀರುಂಡೆಗಳ ಶ್ರುತಿ, ನಡುನಡುವೆ ಕಡವೆಯ ಕೂಗು. ಸಂಜೆ ಕವಿದ ಮೇಲೆ ಅರಣ್ಯದ ದಾರಿ ಮುಚ್ಚುವುದರಿಂದ, ಹೊತ್ತು ಮೀರಿ ಬರುವ ಸಾಹಸ ಬೇಡ. ಚಳಿಗೆ ಒಂದು ಶಾಲು ಹೆಚ್ಚಾಗಿಯೇ ಇರಲಿ. ಜೂನ್ ಕಳೆದರೆ ಜಿಗಣೆಗಳ ಕಾಟವೂ ಉಂಟು.

ದೊಡ್ಡ ಸಂಪಿಗೆಯನ್ನು ನೋಡದೆ ಯಾರೂ ಮರಳುವುದಿಲ್ಲ. ಭಾರ್ಗವಿಯ ದಡದಲ್ಲಿ, ಗಂಟುಗಂಟಾದ ಬೊಡ್ಡೆಯ ಆ ಮುದಿಮರವನ್ನು ಸೋಲಿಗರು ದೇವರೆಂದೇ ಪೂಜಿಸುತ್ತಾರೆ. ಅಲ್ಲಿ ಹಳೆಯ ದಾರಿ, ಬೇರು, ಹಕ್ಕಿಗಳ ಹೆಸರು ಹೇಳಬಲ್ಲ ಸೋಲಿಗನೊಬ್ಬ ಜತೆಗಿದ್ದರೆ ಅರ್ಧ ಗಳಿಗೆಯ ನಡಿಗೆ ಅರ್ಧ ದಿನದ ಪಾಠವಾಗುತ್ತದೆ.

ಗುಡಿಯಲ್ಲಿ ರಂಗನಾಥನಿಗೆ ಒಪ್ಪಿಸಿದ ಭಾರಿ ತೊಗಲಿನ ಪಾದುಕೆಗಳಿವೆ. ಭಕ್ತರ ತಲೆಗೆ ಅವನ್ನೇ ಮುಟ್ಟಿಸುತ್ತಾರೆ. ಭಾವ ರಾತ್ರಿಯೆಲ್ಲ ಕಾಡು ಸುತ್ತುವುದರಿಂದ ಅಟ್ಟೆ ಸವೆಯುತ್ತದೆಂದೂ, ಆದ್ದರಿಂದಲೇ ಹೊಸ ಜೋಡು ಮಾಡಿಸಿಕೊಡಬೇಕೆಂದೂ ಜನರ ನಂಬಿಕೆ. ಅಪ್ಪನ ಹೆಗಲೇರಿದ ಮಕ್ಕಳು ಕತ್ತು ಚಾಚಿ, ಯಾವ ಕಾಲಿನದು ಹೆಚ್ಚು ಸವೆದಿದೆ ಎಂದು ನೋಡುತ್ತವೆ.