ಸ್ಪೇನ್ ಹುಡುಗರಿಗೆ ಕೈಕೊಡುವ ಇಂಗ್ಲಿಷ್

ಡಿಗ್ರಿ ಮುಗಿಸಿದ ಸ್ಪೇನ್ ದೇಶದ ಹುಡುಗನೊಬ್ಬ ಲಂಡನ್ನಿನಲ್ಲಿ ಕೆಲಸ ಕೇಳಲು ಹೋದ ಅನ್ನಿ. ವಯಸ್ಸು 22. 'ಓದು ಎಲ್ಲಿಗೆ ಬಂತಪ್ಪಾ?' ಎಂದರೆ 'ನನ್ನ ಕೆರಿಯರ್ ಮುಗಿಯಿತು ಸಾರ್' ಎನ್ನುತ್ತಾನೆ. ಸಾಹೇಬರು ತಬ್ಬಿಬ್ಬು. ಮೀಸೆ ಈಗ ಚಿಗುರ್ತಾ ಇದೆ, ಆಗಲೇ ರಿಟೈರಾ?

ಹುಡುಗ ಸುಳ್ಳು ಹೇಳಿಲ್ಲ. ಸ್ಪ್ಯಾನಿಷ್‌ನಲ್ಲಿ 'ಕರೇರಾ' ಎಂದರೆ ಓಟದ ಪಂದ್ಯವೂ ಹೌದು, ಯೂನಿವರ್ಸಿಟಿಯ ಡಿಗ್ರಿ ಕೋರ್ಸೂ ಹೌದು. ಇಂಗ್ಲಿಷಿನ 'ಕೆರಿಯರ್' ಎಂದರೆ ದುಡಿಮೆಯ ಇಡೀ ಜೀವಮಾನ. ಎರಡೂ ಲ್ಯಾಟಿನ್ನಿನ 'ಬಂಡಿ' ಎಂಬ ಒಂದೇ ಬೇರಿನಿಂದ ಬಂದ ಮಾತುಗಳು. ಅಣ್ಣತಮ್ಮಂದಿರು ಪಾಲಾದ ಮೇಲೆ ಒಬ್ಬೊಬ್ಬನದು ಒಂದೊಂದು ದಾರಿಯಾಯಿತು, ಅಷ್ಟೇ.

ಇದು ಬರೀ ನಗುವ ವಿಷಯವಲ್ಲ. ಸ್ಪ್ಯಾನಿಷ್ 20 ದೇಶಗಳ ಆಡಳಿತ ಭಾಷೆ. ಅಮೆರಿಕದಲ್ಲಿ ಮನೆಯಲ್ಲಿ ಅದನ್ನೇ ಆಡುವವರು 4 ಕೋಟಿಗೂ ಹೆಚ್ಚು. 2013ರಲ್ಲಿ ಸ್ಪೇನಿನಲ್ಲಿ ದುಡಿಯಲು ಸಿದ್ಧರಿದ್ದ 25ರೊಳಗಿನವರಲ್ಲಿ ನೂರಕ್ಕೆ 50ಕ್ಕೂ ಮೀರಿ ಜನರಿಗೆ ಕೆಲಸವೇ ಇರಲಿಲ್ಲ. ಗಂಟುಮೂಟೆ ಕಟ್ಟಿ ಜರ್ಮನಿಗೆ ಹೋದವರಿದ್ದರು, ಬ್ರಿಟನ್ನಿಗೆ ಹೋದವರೂ ಇದ್ದರು. ಆಗ ಬ್ರಿಟನ್ನಿಗೆ ಅವರು ವೀಸಾ ಇಲ್ಲದೆ ಹೋಗಿ ದುಡಿಯಬಹುದಿತ್ತು. 2021ರ ಜನವರಿಯಿಂದ ಹೊಸಬರಿಗೆ ಆ ಸಲೀಸು ತಪ್ಪಿತು. ನುರಿತ ಕೆಲಸದ ವೀಸಾ ಬೇಕೆಂದರೆ ಇಂಗ್ಲಿಷ್ ಬರುತ್ತೆ ಎಂಬುದಕ್ಕೆ ರುಜುವಾತು ಕೊಡಬೇಕು.

ಗೊತ್ತಿಲ್ಲದ ಮಾತು ಎದುರಾದರೆ ಯಾರಾದರೂ ಡಿಕ್ಷನರಿ ತೆಗೀತಾರೆ. ಗೊತ್ತಿರೋ ಹಾಗೆ ಕಾಣುವ ಮಾತಿಗೆ ಯಾರು ತೆಗೀತಾರೆ? ಅಸಲಿ ನೋಟಿನಂತೆ ಕಾಣುವ ಖೋಟಾ ನೋಟು ಗಲ್ಲಾಪೆಟ್ಟಿಗೆ ಸೇರುವುದೂ ಹೀಗೇ ಅಲ್ಲವೇ?

'ಎಕ್ಸಿತೊ' ಅವರಿಗೆ ಗೆಲುವು. ಇಂಗ್ಲಿಷಿನ 'ಎಕ್ಸಿಟ್' ಟಾಕೀಸಿನಲ್ಲಿ ಕೆಂಪು ದೀಪದ ಕೆಳಗಿರುವ ಬಾಗಿಲು. 'ಕೊಂಪ್ರೊಮೀಸೊ' ಎಂದರೆ ಕೊಟ್ಟ ಮಾತು, ಹೊತ್ತ ಹೊಣೆ. ಇಂಗ್ಲಿಷಿನ 'ಕಾಂಪ್ರೊಮೈಸ್' ಎಂದರೆ ರಾಜಿ. 'ಕೆಲಸದಲ್ಲಿ ನನ್ನದು ಭಾರಿ ಕಾಂಪ್ರೊಮೈಸ್' ಎಂದು ಎದೆ ತಟ್ಟಿ ಹೇಳಿದರೆ ಕೆಲಸ ಕೊಡೋನು ಯಾರು?

ಅರ್ಜಿಯಲ್ಲಿರುವ ಗುಂಡಿ

ಬಾಯಿಮಾತಿನ ತಪ್ಪನ್ನು ನಕ್ಕು ಬಿಡಬಹುದು. ಅರ್ಜಿಯಲ್ಲಿ ಬರೆದದ್ದು ಹಾಗಲ್ಲ. ಸ್ಪೇನಿನಲ್ಲಿ 16ರಿಂದ 18ರ ವಯಸ್ಸಿನವರು ಓದುವ ಎರಡು ವರ್ಷದ ತರಗತಿಗೆ 'ಬಚಿಯೆರಾತೊ' ಎಂದು ಹೆಸರು. ನಮ್ಮ ಪಿಯುಸಿ ಇದ್ದ ಹಾಗೆ. ಅದನ್ನು ಇಂಗ್ಲಿಷಿನಲ್ಲಿ 'ಬ್ಯಾಚುಲರ್' ಎಂದು ಬರೆದನೋ, ಪಿಯುಸಿ ಓದಿ ಬಿ.ಎ. ಎಂದು ಬರೆದಂತಾಯಿತು. ಸರ್ಟಿಫಿಕೇಟ್ ತೆರೆದು ನೋಡಿದ ದಿನ ಅವನ ಹಣೆಗೆ ಸುಳ್ಳುಗಾರನ ಪಟ್ಟ. ಬರುವಾಗ ಅವನ ಮನಸ್ಸಿನಲ್ಲಿ ಸುಳ್ಳಿರಲಿಲ್ಲ ಎಂದು ಯಾರು ನಂಬುತ್ತಾರೆ?

ತಮಾಷೆ ಏನೆಂದರೆ, ಪೆರು ದೇಶದಲ್ಲಿ 'ಬಚಿಯೆರ್' ಎಂದರೆ ಯೂನಿವರ್ಸಿಟಿ ಕೊಡುವ ಮೊದಲ ಪದವಿಯೇ. ಅಲ್ಲಿಯವನು 'ಬ್ಯಾಚುಲರ್' ಎಂದು ಬರೆದರೆ ತಪ್ಪಿಲ್ಲ. ಒಂದೇ ಭಾಷೆ, ಒಂದೇ ಮಾತು, ಒಬ್ಬನಿಗೆ ನಿಜ, ಇನ್ನೊಬ್ಬನಿಗೆ ಸುಳ್ಳು! ಕೋರ್ಸಿನ ಹೆಸರನ್ನು ಮೂಲದಲ್ಲಿ ಇದ್ದ ಹಾಗೇ ಬರೆದು, ಪಕ್ಕದಲ್ಲಿ ಎಷ್ಟು ವರ್ಷದ ಓದು, ಯಾವ ವಯಸ್ಸಿನಲ್ಲಿ ಓದುವುದು ಎಂದು ಕಾಣಿಸುವುದೇ ಕ್ಷೇಮ.

'ಕೊಲೇಹಿಯೊ' ಕೇಳಲು ಕಾಲೇಜಿನಂತಿದ್ದರೂ ಅದು ಮಕ್ಕಳ ಶಾಲೆ. ನಾವು ಪಿಯುಸಿಯವರನ್ನು ಕಾಲೇಜು ಹುಡುಗರು ಅಂತೀವಲ್ಲ, ಅಮೆರಿಕದವರ ಲೆಕ್ಕದಲ್ಲಿ ಅವರಿನ್ನೂ ಹೈಸ್ಕೂಲು. ಇನ್ನು 'ಒಪೊಸಿಸಿಯೋನೆಸ್' ಎಂದರೆ ಸ್ಪೇನಿನಲ್ಲಿ ಸರ್ಕಾರಿ ನೌಕರಿಯ ಸ್ಪರ್ಧಾ ಪರೀಕ್ಷೆ. ವರ್ಷಗಟ್ಟಲೆ ಕೂತು ಓದುವವರಿದ್ದಾರೆ. ಇಂಗ್ಲಿಷಿಗೆ ನೇರ ತಿರುಗಿಸಿದರೆ ಹುಡುಗ ವಿರೋಧ ಪಕ್ಷ ಸೇರಿದ ಹಾಗಾಗುತ್ತೆ.

ಹಾಗಂತ ಎಲ್ಲ ಮಾತೂ ಮೋಸವಲ್ಲ. 'ಸಲಾರಿಯೊ' ಸ್ಯಾಲರಿಯೇ, 'ವಕಾಂತೆ' ವೇಕೆನ್ಸಿಯೇ. ನಿರ್ಧಾರವನ್ನು ನಾವು 'ತಗೊಳ್ಳೋ' ಹಾಗೆ ಸ್ಪ್ಯಾನಿಷಿನವರೂ ತಗೊಳ್ಳುತ್ತಾರೆ. ಇಂಗ್ಲಿಷಿನವರು ಹೆಚ್ಚಾಗಿ ಅದನ್ನು 'ಮಾಡುತ್ತಾರೆ'. ಇದರಿಂದ ಯಾರ ಕೆಲಸವೂ ಹೋಗದು.

ಕೆಲಸ ಹೋದದ್ದನ್ನು ಹೇಳುವಾಗ ಮಾತ್ರ ಹುಷಾರಾಗಿರಬೇಕು. 'ದೆಸ್ಪೆದಿರ್' ಎಂಬ ಒಂದೇ ಮಾತಿಗೆ ಬೀಳ್ಕೊಡುವುದು ಅಂತಲೂ ಅರ್ಥ, ಕೆಲಸದಿಂದ ಕಿತ್ತು ಹಾಕುವುದು ಅಂತಲೂ ಅರ್ಥ. ಹಳೇ ಕಂಪನಿಯವರು ಮನೆಗೆ ಕಳಿಸಿದ್ದನ್ನು ಹುಡುಗ ಇಂಗ್ಲಿಷಿನಲ್ಲಿ 'ನನ್ನನ್ನು ಬೀಳ್ಕೊಟ್ಟರು' ಎಂದರೆ, ಹೊಸ ಕಂಪನಿಯವರು ಹಾರ ಹಾಕಿ, ಫೋಟೋ ತೆಗೆಸಿ ಕಳಿಸಿದ್ದಾರೆ ಅಂದುಕೊಳ್ಳುತ್ತಾರೆ.