ಮಕ್ಕಳ ಕೈಯಲ್ಲಿ ಪಾಸ್ಕ ಹಬ್ಬ



ತಪಸ್ಸುಕಾಲ ಬಂತೆಂದರೆ ನಮ್ಮ ವೇಮಗಲ್ ಸುತ್ತಿನ ಹೊಂಗೆ ಮರಗಳು ಹೊಸ ತಳಿರು ಬಿಡುತ್ತವೆ, ಬೇವು ಹೂವಾಗುತ್ತದೆ. ನೆರೆಮನೆಯವರು ಯುಗಾದಿಗೆ ಮಾವಿನ ತೋರಣ ಕಟ್ಟುತ್ತಾರೆ. ನಮ್ಮ ಪಾಸ್ಕ ಹಬ್ಬವೂ ಇದೇ ಕಾಲದ್ದು. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರವೇ ಪಾಸ್ಕ.

ಕ್ರಿಸ್ಮಸ್ ಬಂದರೆ ಮಕ್ಕಳಿಗೆ ಕೈತುಂಬ ಕೆಲಸ. ಗೋದಲಿಗೆ ಹುಲ್ಲು ತರುತ್ತಾರೆ, ತಟ್ಟೆಯಲ್ಲಿ ರಾಗಿ ಚೆಲ್ಲಿ ಪೈರು ಬೆಳೆಸುತ್ತಾರೆ. ಅದಕ್ಕಿಂತಲೂ ದೊಡ್ಡ ಹಬ್ಬವಾದ ಪಾಸ್ಕಕ್ಕೆ ಮಾತ್ರ ನಾವು ಅವರ ಕೈಗೆ ಏನನ್ನೂ ಕೊಡುವುದಿಲ್ಲ. ಉದ್ದನೆಯ ಪೂಜೆಗಳಲ್ಲಿ ಸುಮ್ಮನೆ ಕೂರು ಎನ್ನುತ್ತೇವೆ, ಅಷ್ಟೆ. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುವ ಅಪ್ಪ ಅಮ್ಮಂದಿರಿಗೆ ಬಿಡುವು ಕಡಿಮೆ ಎಂದು ನನಗೆ ಗೊತ್ತು. ಭಾನುವಾರ ಮಧ್ಯಾಹ್ನದ ಅರ್ಧ ಗಂಟೆ ಸಾಕು.

ಮೊದಲು ಗರಿಯ ಶಿಲುಬೆ. ಜನರು ಯೇಸುವನ್ನು ಎದುರುಗೊಂಡಾಗ ಹಿಡಿದದ್ದು ಖರ್ಜೂರದ ಗರಿ ಎಂದು ಸ್ಪಷ್ಟವಾಗಿ ಬರೆದವರು ಸಂತ ಯೊವಾನ್ನರು ಮಾತ್ರ. ನಮ್ಮ ಬದುಗಳಲ್ಲಿ, ಕೆರೆಯಂಚಿನಲ್ಲಿ ಬೆಳೆಯುವ ಈಚಲು ಆ ಖರ್ಜೂರದ ಸೋದರ ಮರವೇ. ಈಚಲ ಗರಿಯ ಬುಡದಲ್ಲಿ ಮುಳ್ಳಿರುವುದರಿಂದ ದೊಡ್ಡವರೇ ಕೊಯ್ದು ಕೊಡಬೇಕು. ಚಿಕ್ಕ ಮಕ್ಕಳಿಗೆ ತೆಂಗಿನ ಗರಿ ವಾಸಿ. ನಡುವಿನ ಕಡ್ಡಿ ಸೀಳಿ ತೆಗೆದು, ಒಂದು ಮೊಳದ ಎರಡು ಪಟ್ಟಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಒಂದನ್ನು ಮಡಿಸಿ ನಿಲ್ಲಿಸಿ, ಇನ್ನೊಂದನ್ನು ಮಡಿಸಿ ಅದರ ಮೇಲೆ ಅಡ್ಡ ಇಟ್ಟು, ಉಳಿದ ತುದಿಯನ್ನು ಓರೆಯಾಗಿ ಎರಡು ಸುತ್ತು ಸುತ್ತಿ ಹಿಂದೆ ಸಿಕ್ಕಿಸಿದರೆ ಶಿಲುಬೆ ಸಿದ್ಧ. ಗರಿಗಳ ಭಾನುವಾರ ತಂದು ಆಶೀರ್ವದಿಸಿಕೊಳ್ಳಿ. ಒಣಗಿದ ಮೇಲೆ ಎಸೆಯಬೇಡಿ; ಮುಂದಿನ ಬೂದಿ ಬುಧವಾರದ ಬೂದಿ ಅದರಿಂದಲೇ ಆಗಬೇಕು.

ಎರಡನೆಯದು ರೇಷ್ಮೆಗೂಡಿನ ಹೂವು. ಇದನ್ನು ನನಗೆ ಕಲಿಸಿದ್ದು ಒಬ್ಬ ಹುಡುಗಿಯ ಪ್ರಶ್ನೆ. ಧರ್ಮೋಪದೇಶದ ತರಗತಿಯಲ್ಲಿ ಒಮ್ಮೆ ನಾನು ಪುನರುತ್ಥಾನವನ್ನು ವಿವರಿಸಲು, ಹುಳು ಗೂಡಿನಲ್ಲಿ ಮಲಗಿ ಚಿಟ್ಟೆಯಾಗಿ ಹೊರಬರುವ ಹೋಲಿಕೆ ಹೇಳುತ್ತಿದ್ದೆ. ಎಲ್ಲೋ ಓದಿದ ಹೋಲಿಕೆ. ರೇಷ್ಮೆ ಸಾಕುವ ಮನೆಯ ಆ ಹುಡುಗಿ ಎದ್ದು, "ಫಾದರ್, ನಮ್ಮನೆ ಹುಳ ಆಚೆಗೇ ಬರಲ್ಲ. ಗೂಡನ್ನ ಬೇಯಿಸ್ಬಿಡ್ತಾರೆ" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಅವಳು ಹೇಳಿದ್ದು ನಿಜ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟರೆ ಮೂರು ದಿನದಲ್ಲಿ ಗೂಡು ಕಟ್ಟುತ್ತದೆ. ಚಿಟ್ಟೆ ಹೊರಬಂದರೆ ಎಳೆ ತುಂಡಾಗುತ್ತದೆ, ನೂಲು ತೆಗೆಯಲು ಬರುವುದಿಲ್ಲ. ಹಾಗಾಗಿ ಅದು ಒಳಗೇ ಸಾಯಬೇಕು. ನಮ್ಮ ಎಷ್ಟೋ ಮನೆಗಳ ಊಟ, ಸ್ಕೂಲ್ ಫೀಸು ಅದರಿಂದಲೇ ನಡೆಯುತ್ತದೆ. ಇನ್ನೊಬ್ಬರ ಮೈಮೇಲಿನ ಬಟ್ಟೆಗಾಗಿ ಒಂದು ಜೀವ ಹೋಗುತ್ತದೆ ಎಂದು ಆ ಮಗುವಿಗೆ ಗೊತ್ತಿತ್ತು. ಶುಭ ಶುಕ್ರವಾರವನ್ನು ಅವಳಿಗೆ ವಿವರಿಸಲು ನಾನು ಅಷ್ಟು ಕಷ್ಟಪಡಬೇಕಾಗಿರಲಿಲ್ಲ.

ಆದರೆ ಮೊಟ್ಟೆಗಾಗಿ ಇಡುವ ಬಿತ್ತನೆ ಗೂಡುಗಳಿಂದ ಚಿಟ್ಟೆ ಹೊರಬರಲು ಬಿಡುತ್ತಾರೆ. ಆ ತೂತು ಗೂಡುಗಳಿಗೆ ಬೆಲೆ ಕಡಿಮೆ. ಪರಿಚಯದವರಿಂದ ಒಂದು ಹಿಡಿ ತರಿಸಿ ಮುಂದಿನ ವಾರ ತರಗತಿಗೆ ಒಯ್ದೆ. ಅವಳು ತೂತಿನೊಳಗೆ ಬೆರಳಿಟ್ಟು ನೋಡಿ, "ಖಾಲಿ" ಎಂದಳು. ಅಷ್ಟು ಸಾಕಾಯಿತು. ಹೋಲಿಕೆಯನ್ನು ಅದಕ್ಕಿಂತ ದೂರ ಎಳೆಯಬಾರದು. ರೇಷ್ಮೆ ಚಿಟ್ಟೆ ಹಾರಲಾರದು, ಕೆಲವೇ ದಿನಗಳಲ್ಲಿ ಸಾಯುತ್ತದೆ. ಎದ್ದ ಕ್ರಿಸ್ತರಿಗೆ ಮತ್ತೆ ಸಾವಿಲ್ಲ.

ಹೂವು ಮಾಡುವುದು ಸುಲಭ. ಮೇಲಿನ ಜಾಳು ಕಿತ್ತು, ಒಳಗಿನ ಒಣ ಪೊರೆ ಉದುರಿಸಿ, ತೊಳೆದು ಒಣಗಿಸಿ. ತೂತಿನ ಕಡೆಯಿಂದ ಕತ್ತರಿಯಲ್ಲಿ ಐದು ಸೀಳು ಹಾಕಿ ಹೊರಕ್ಕೆ ಬಾಗಿಸಿದರೆ ಎಸಳು. ಅರಿಶಿನದ ಬಿಸಿನೀರಿನಲ್ಲಿ ಅದ್ದಿದರೆ ಒಳ್ಳೆಯ ಹಳದಿ ಬರುತ್ತದೆ. ಬುಡಕ್ಕೆ ತಂತಿ ಚುಚ್ಚಿ, ಮನೆಯ ಪೀಠದ ಮೇಲಿಡಿ. ಕತ್ತರಿ ಹಿಡಿಯುವ ವಯಸ್ಸಾಗದವರು ಬಣ್ಣ ಅದ್ದಲಿ.

ಕೊನೆಗೆ ಮೊಟ್ಟೆ. ಇದು ಬರೀ ಪಾಶ್ಚಾತ್ಯರ ಆಟ ಎನ್ನುವವರಿದ್ದಾರೆ. ಹಿಂದೆ ತಪಸ್ಸುಕಾಲದಲ್ಲಿ ಮೊಟ್ಟೆಯೂ ನಿಷಿದ್ಧವಾಗಿತ್ತು. ಉಳಿದ ಮೊಟ್ಟೆಗಳನ್ನು ಪಾಸ್ಕದಂದು ಆಶೀರ್ವದಿಸಿ ತಿನ್ನುತ್ತಿದ್ದರು. 1614ರ ರೋಮನ್ ವಿಧಿಗ್ರಂಥದಲ್ಲಿ ಅದಕ್ಕೆಂದೇ ಪ್ರಾರ್ಥನೆಯಿದೆ. ಬಣ್ಣ ಕೊಳ್ಳಬೇಕಾಗಿಲ್ಲ. ಎಂಟು ಹತ್ತು ಈರುಳ್ಳಿಯ ಸಿಪ್ಪೆಯನ್ನು ಕಾಲು ಗಂಟೆ ಕುದಿಸಿ ಆರಿಸಿ, ಒಂದು ಚಮಚ ವಿನೆಗರ್ ಹಾಕಿ. ಮೊಟ್ಟೆಗೆ ಒಂದು ಕೊತ್ತಂಬರಿ ಎಲೆ ಅಂಟಿಸಿ, ತೆಳು ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಅದರಲ್ಲಿ ಹತ್ತು ನಿಮಿಷ ಬೇಯಿಸಿ. ಬಿಚ್ಚಿದಾಗ ಕೆಂಗಂದು ಮೊಟ್ಟೆಯ ಮೇಲೆ ಎಲೆಯ ಅಚ್ಚು ಬೆಳ್ಳಗೆ ಕಾಣುತ್ತದೆ. ಬಿಚ್ಚುವ ಕೆಲಸ ಮಕ್ಕಳಿಗೇ ಇರಲಿ. ಬೇಸಿಗೆಯ ಸೆಕೆ, ಆದ್ದರಿಂದ ಶನಿವಾರ ಸಂಜೆಯೇ ಬೇಯಿಸಿ, ಪಾಸ್ಕದ ಬೆಳಿಗ್ಗೆ ಪೂಜೆ ಮುಗಿಸಿ ಬಂದು ತಿಂದುಬಿಡಿ. ಸಿಪ್ಪೆಯನ್ನು ಪುಡಿಮಾಡಿ ಟೊಮ್ಯಾಟೊ ಗಿಡದ ಬುಡಕ್ಕೆ ಹಾಕಿ.